ಹಾಡುವ ತಪ್ಪಲೆ, ಬೀಳುವ ತಪ್ಪಲೆ

ನನಗೆ ಸರ್‌ನೇಮ್ ಇಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದಿನ ಅವಾಂತರಕ್ಕೆಲ್ಲ ಅದೇ ಮೂಲ. ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಹುಟ್ಟಿದ ಬಹುಪಾಲು ಜನರ ಪಾಡೇ ಇಷ್ಟು. ಹೆಸರಿನ ಮುಂದೆ ಊರಿನದೊಂದು ಅಕ್ಷರ, ಅಪ್ಪನದೊಂದು ಅಕ್ಷರ, ಅಲ್ಲಿಗೆ ನಮ್ಮ ವಂಶಾವಳಿ ಮುಗಿಯಿತು. ನಾನು ಎಚ್. ಎಸ್. ಪುಟ್ಟಸ್ವಾಮಿ. ಎಚ್ ಎಂದರೆ ಹೊಂಗೆಕೊಪ್ಪಲು, ಮದ್ದೂರಿನಿಂದ ಮಳವಳ್ಳಿಗೆ ಹೋಗುವ ಬಸ್ಸುಗಳಲ್ಲಿ ಕೆಲವು ಮಾತ್ರ ನಿಲ್ಲುವ ನಮ್ಮ ಊರು. ಎಸ್ ಎಂದರೆ ಸಣ್ಣಪ್ಪ, ನಮ್ಮಪ್ಪ. ನಾನು ಗುಮಾಸ್ತನಾಗಿರುವ ಮಂಡ್ಯದ ಕಚೇರಿಗೆ ಬೆಳಗಾವಿ ಕಡೆಯಿಂದ ವರ್ಗವಾಗಿ ಬಂದ ಸಾಹೇಬರು ಮೊದಲ ದಿನವೇ ‘ನಿಮ್ಮ ಅಡ್ಡಹೆಸರೇನ್ರೀ?’ ಎಂದು ಕೇಳಿದರು. ಅವರ ಕಡೆ ಮನೆತನದ ಹೆಸರಿಗೆ ಹಾಗೆನ್ನುತ್ತಾರೆ ಎಂದು ನನಗೇನು ಗೊತ್ತು? ನಮ್ಮ ಕಡೆ ಅಡ್ಡಹೆಸರೆಂದರೆ ಬೆನ್ನ ಹಿಂದೆ ಕರೆದು ಕಿಸಕ್ಕನೆ ನಗುವಂಥದ್ದು. ಇಲ್ಲ ಸಾರ್, ನಮಗೆ ಅಂಥದ್ದೇನೂ ಇಲ್ಲ ಎಂದು ಹೇಳಿ ಬಂದೆ. ಬಂದ ದಿನವೇ ಇವರಿಗೆ ಚಾಡಿ ಹೇಳಿದವನು ಯಾರು ಎಂದು ಮಧ್ಯಾಹ್ನದವರೆಗೆ ಪಕ್ಕದ ಮೇಜಿನವನ ಮೇಲೆ ಸಿಟ್ಟಾಗಿದ್ದೆ.

ಸಿಟ್ಟಿಗೆ ಕಾರಣವೂ ಇತ್ತು. ಕಾಗದದ ಮೇಲೆ ಇಲ್ಲದಿದ್ದರೂ ಊರ ಬಾಯಲ್ಲಿ ನಮಗೊಂದು ಮನೆಹೆಸರು ಇದೆ. ನಾವು ತಪ್ಪಲೆಯವರು. ನಮ್ಮ ಮುತ್ತಾತ ಒಂದು ಸಲ ಪಕ್ಕದೂರಿನಲ್ಲಿ ತಿಥಿ ಊಟ ಮುಗಿಸಿ, ಉಳಿದ ಬಾಡಿನ ಸಾರನ್ನು ಒಂದು ತಪ್ಪಲೆಗೆ ತುಂಬಿಸಿಕೊಂಡು, ತಲೆಯ ಮೇಲಿಟ್ಟುಕೊಂಡು ಬರುತ್ತಿದ್ದನಂತೆ. ದಾರಿಯಲ್ಲಿ ಹಳ್ಳ. ಮಳೆ ಬಂದು ಹಳ್ಳದ ನೀರು ಎದೆಮಟ್ಟ ಏರಿತ್ತು. ನಡುನೀರಿನಲ್ಲಿ ಪಂಚೆ ಬಿಚ್ಚಿಕೊಂಡಿತು. ಎರಡು ಕೈಯೂ ತಪ್ಪಲೆಯ ಮೇಲಿದ್ದವು. ಪಂಚೆ ಹಿಡಿಯಬೇಕಾದರೆ ತಪ್ಪಲೆ ಬಿಡಬೇಕು. ಅವನು ಬಿಡಲಿಲ್ಲ. ಹಾಗೆಯೇ ಊರೊಳಗೆ ನಡೆದು, ಅರಳಿಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರ ಮುಂದೆಯೇ ಹಾದು, ಮನೆ ಸೇರಿ, ಮಕ್ಕಳಿಗೆಲ್ಲ ಸಾರು ಬಡಿಸಿದನಂತೆ. ಇದನ್ನು ತ್ಯಾಗ ಎನ್ನುವವರೂ ಇದ್ದಾರೆ, ಹೊಟ್ಟೆಬಾಕತನ ಎನ್ನುವವರೂ ಇದ್ದಾರೆ. ನನ್ನ ಹೆಂಡತಿ ಸುಶೀಲ ಎರಡನೆಯ ಗುಂಪಿನವಳು. ನಾನಂತೂ ಈ ಹೆಸರು ಮದ್ದೂರು ದಾಟಿ ಮಂಡ್ಯದ ಕಚೇರಿ ಮುಟ್ಟದ ಹಾಗೆ ಇಷ್ಟು ವರ್ಷ ಕಾಪಾಡಿಕೊಂಡು ಬಂದಿದ್ದೆ.

ಮುಚ್ಚಿಡದೆ ಮೀಸೆ ತಿರುವಿ ಹೇಳಿಕೊಳ್ಳುತ್ತಿದ್ದವನು ನಮ್ಮ ಚಿಕ್ಕಪ್ಪ ಒಬ್ಬನೇ. ತಪ್ಪಲೆ ಸಿದ್ದಣ್ಣ ಎಂದರೆ ಕೊತ್ತತ್ತಿಯಿಂದ ಶಿವನಸಮುದ್ರದವರೆಗೆ ಜನಕ್ಕೆ ಗೊತ್ತು. ಗೊತ್ತಿರುವುದು ಮಾತ್ರ ಸಾವಿನ ಮನೆಗಳಲ್ಲಿ. ಯಾರಾದರೂ ತೀರಿಕೊಂಡರೆ ಹೆಣದ ಮುಂದೆ ಕುಳಿತು ಭಜನೆ ಪದ ಹೇಳುವುದು ನಮ್ಮ ಕಡೆಯ ರೂಢಿ. ಭಜನೆಯವರು ಬೇಕಾದಷ್ಟು ಜನ ಇದ್ದಾರೆ. ಆದರೆ ಚಿಕ್ಕಪ್ಪನ ವರಸೆಯೇ ಬೇರೆ. ಅವನು ಹಾರ್ಮೋನಿಯಂ ಇಳಿಸಿದ ಕೂಡಲೇ ಹಾಡುವುದಿಲ್ಲ. ಮೊದಲು ಮನೆಯವರನ್ನು ಕರೆದು, ಸತ್ತವರಿಗೆ ಯಾವ ಸಾರು ಇಷ್ಟ, ಎಮ್ಮೆಗೆ ಏನೆಂದು ಕೂಗುತ್ತಿದ್ದರು, ಯಾರ ಜೊತೆ ಜಗಳ ಆಡಿ ಮಾತು ಬಿಟ್ಟಿದ್ದರು ಎಂದೆಲ್ಲ ವಿಚಾರಿಸುತ್ತಾನೆ. ಆಮೇಲೆ ಕಣ್ಣು ಮುಚ್ಚಿ, ಅದನ್ನೆಲ್ಲ ಪದಕ್ಕೆ ಸೇರಿಸಿ, ಆ ಒಬ್ಬರಿಗೇ ಹೊಲಿದ ಅಂಗಿಯ ಹಾಗೆ ಹಾಡು ಕಟ್ಟುತ್ತಾನೆ. ಕಲ್ಲಿನಂತೆ ಕುಳಿತ ಹಿರಿಮಗ ಕೂಡ ‘ಅವರೆಕಾಳು ಸಾರಿಗೆ ಕಾದು ಕುಂತಿದ್ದೆಯಲ್ಲೋ ಯಜಮಾನ’ ಎನ್ನುವ ಸಾಲು ಬಂದ ತಕ್ಷಣ ಬಾಯಿಬಿಟ್ಟು ಅಳುತ್ತಾನೆ. ಚಿಕ್ಕಪ್ಪನಿಗೆ ಮದುವೆಯ ಹಾಡು ಬರುವುದಿಲ್ಲ, ಜೋಗುಳ ಬರುವುದಿಲ್ಲ, ಮಂಗಳಾರತಿಯೂ ಬರುವುದಿಲ್ಲ. ಒಂದು ಸಲ ನಮ್ಮ ಮಗಳ ನಾಮಕರಣಕ್ಕೆ ಹಾಡೆಂದು ಬಲವಂತ ಮಾಡಿದ್ದಕ್ಕೆ ತೊಟ್ಟಿಲ ಮುಂದೆ ಕುಳಿತು ಶುರುಮಾಡಿದ. ಎರಡನೇ ಸಾಲಿಗೇ ನಮ್ಮತ್ತೆ ಎದ್ದು ಬಂದು ಹಾರ್ಮೋನಿಯಂ ಮುಚ್ಚಿದರು.

ಇನ್ನು ಗುಂಡಿಯ ವಿಷಯ. ನಮ್ಮೂರಿಗೆ ಬರುವ ಮುಂಚೆ, ನಮ್ಮದೇ ಕಬ್ಬಿನ ಗದ್ದೆಯ ಪಕ್ಕದಲ್ಲಿ, ಯಾರೋ ಪೈಪು ಹಾಕಲು ರಸ್ತೆ ಅಗೆದು ಮಣ್ಣು ಮುಚ್ಚಿ ಹೋದರು. ಮೊದಲ ಮಳೆಗೆ ಮಣ್ಣು ಕುಸಿಯಿತು. ಕಬ್ಬಿನ ಟ್ರ್ಯಾಕ್ಟರುಗಳು ಓಡಾಡಿ ಅದನ್ನು ಅಗಲ ಮಾಡಿದವು, ಮುಂದಿನ ಮಳೆ ಆಳ ಮಾಡಿತು. ಅದರಲ್ಲಿ ಮೊಟ್ಟಮೊದಲು ಬಿದ್ದವನು ನಮ್ಮ ಚಿಕ್ಕಪ್ಪ. ಮೊಪೆಡ್ಡಿನ ಹಿಂದೆ ಹಾರ್ಮೋನಿಯಂ ಕಟ್ಟಿಕೊಂಡು ಬರುತ್ತಿದ್ದವನು ನೀರು ತುಂಬಿದ್ದ ಗುಂಡಿಯನ್ನು ಬರಿಯ ನೀರೆಂದುಕೊಂಡು ಇಳಿಸಿದ. ಅವನಿಗೆ ಮೊಣಕಾಲು ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಹಾರ್ಮೋನಿಯಂ ಮಾತ್ರ ಬೋರಲು ಬಿದ್ದು, ಯಾರೂ ಮುಟ್ಟದೆ ಬಹಳ ಹೊತ್ತು ಒಂದೇ ಸ್ವರದಲ್ಲಿ ಕೂಗಿತು. ಗದ್ದೆಯಲ್ಲಿದ್ದವರು ಎಮ್ಮೆ ಬಿತ್ತೆಂದು ಹಗ್ಗ ಹಿಡಿದು ಓಡಿಬಂದರು. ಅವತ್ತಿನಿಂದ ಆ ಹಾರ್ಮೋನಿಯಮ್ಮಿಗೆ ಗಾಳಿ ತುಂಬುವ ಬೆಲ್ಲೋಸು ಎಳೆದರೆ ಸಾಕು, ಆ ಒಂದು ಸ್ವರ ಒತ್ತದೆಯೇ ನರಳುತ್ತದೆ. ಚಿಕ್ಕಪ್ಪ ಅದನ್ನು ರಿಪೇರಿ ಮಾಡಿಸಲಿಲ್ಲ, ಸಾವಿನ ಮನೆಗೆ ಚೆನ್ನಾಗಿ ಹೊಂದುತ್ತದೆ ಎಂದ.

ಊರವರು ಆ ಜಾಗವನ್ನು ಮೊದಲು ‘ತಪ್ಪಲೆ ಸಿದ್ದಣ್ಣ ಬಿದ್ದ ಗುಂಡಿ’ ಎಂದರು. ಬಸ್ಸಿನವರಿಗೆ ಅಷ್ಟುದ್ದ ಹೇಳಲು ಪುರುಸೊತ್ತೆಲ್ಲಿ? ಅದು ‘ತಪ್ಪಲೆ ಗುಂಡಿ’ ಆಯಿತು, ಕೊನೆಗೆ ಬರೀ ‘ತಪ್ಪಲೆ’. ಕಂಡಕ್ಟರ್ ‘ತಪ್ಲೆ ಬತ್ತಾ ಅದೆ, ಕಂಬಿ ಇಡ್ಕಳಿ’ ಎಂದು ಕೂಗಿದ ಕೂಡಲೇ ಬಸ್ಸಿನವರೆಲ್ಲ ಕಂಬಿ ಹಿಡಿದು, ಬಾಯಿ ಮುಚ್ಚಿ, ಮಕ್ಕಳನ್ನು ಒತ್ತಿ ಹಿಡಿಯುತ್ತಿದ್ದರು. ಕೆಲವರು ಅಲ್ಲೇ ಇಳಿಯಲು ಶುರುಮಾಡಿದ್ದರಿಂದ ಅದೊಂದು ಸ್ಟಾಪೂ ಆಯಿತು. ಮಳವಳ್ಳಿಯಿಂದ ಬಂದ ನಮ್ಮ ನೆಂಟರೊಬ್ಬರು ತಪ್ಪಲೆಯವರ ಮನೆ ಎಲ್ಲಿ ಎಂದು ಕೇಳಿದ್ದಕ್ಕೆ ಕಂಡಕ್ಟರ್ ‘ಯಾವ್ ತಪ್ಲೆ ಯೋಳಿ, ಪದ ಯೋಳೋ ತಪ್ಲೆನಾ, ಬೀಳೋ ತಪ್ಲೆನಾ?’ ಎಂದನಂತೆ. ನೆಂಟರು ಎರಡಕ್ಕೂ ಒಂದೇ ಟಿಕೆಟ್ಟಾ ಎಂದು ವಿಚಾರಿಸಿಕೊಂಡು ಬಂದರು.

ಆಗ ನನ್ನ ಮಗಳು ಚೈತ್ರ, ಮಂಡ್ಯದಲ್ಲಿ ಬಿಎಸ್ಸಿ ಓದುತ್ತಿರುವವಳು, ನಮ್ಮ ಮನೆತನಕ್ಕೆ ಸಮಾಧಾನ ಹೇಳಲು ಮುಂದೆ ಬಂದಳು. ಅಮೆರಿಕದಲ್ಲಿ ಗಿಟಾರು ಹಿಡಿದು ಬರೀ ದುಃಖದ ಪದಗಳನ್ನೇ ಹೇಳುತ್ತಿದ್ದ ಗಾಯಕನೊಬ್ಬನಿದ್ದನಂತೆ. ಅವನ ಮನೆಹೆಸರೂ ಯಾವುದೋ ಗ್ರಹದ ಮೇಲಿರುವ ದೊಡ್ಡ ಗುಂಡಿಯೊಂದರ ಹೆಸರೂ ಒಂದೇ ಅಂತೆ. ಫೋನಿನಲ್ಲಿ ಆ ಹೆಸರು ಹುಡುಕಿದರೆ ಎರಡೂ ಒಟ್ಟಿಗೇ ಬರುತ್ತವೆ, ಗಾಯಕ ಬೇಕೋ ಗುಂಡಿ ಬೇಕೋ ಎಂದು ಫೋನೇ ಕೇಳುತ್ತದೆ ಎಂದಳು. ನಮ್ಮ ಕಂಡಕ್ಟರ್ ಕೇಳಿದ್ದೂ ಅದನ್ನೇ ತಾನೆ? ಚಿಕ್ಕಪ್ಪ ಮುದ್ದೆ ಮುರಿಯುತ್ತಿದ್ದವನು ಕೈ ನಿಲ್ಲಿಸಿ ಕೇಳಿಸಿಕೊಂಡ. ‘ಆ ಗುಂಡೀಲಿ ಅವ್ನೂ ಬಿದ್ದಿದ್ನಾ ಮಗ?’ ಎಂದ. ಇಲ್ಲ ತಾತ, ಅಲ್ಲಿಗೆ ಯಾರೂ ಹೋಗಿಲ್ಲ, ಗೌರವಕ್ಕೆ ಇಡೋದು, ಬುಧಗ್ರಹದ ಗುಂಡಿಗಳಿಗೆಲ್ಲ ದೊಡ್ಡ ದೊಡ್ಡ ಕಲಾವಿದರ ಹೆಸರೇ ಇಡ್ತಾರೆ ಎಂದಳು ಚೈತ್ರ. ಚಿಕ್ಕಪ್ಪನ ಬೆನ್ನು ನೆಟ್ಟಗಾಯಿತು. ಇನ್ನೊಂದು ಸೌಟು ಸಾರು ಹಾಕಿಸಿಕೊಂಡ. ಚೈತ್ರ ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಓದಿದ ಮಕ್ಕಳಿಗೆ ಪೂರ್ತಿ ಹೇಳದೆ ಸಮಾಧಾನವಿಲ್ಲ. ‘ಆದರೆ ಸತ್ತೋರಿಗೆ ಮಾತ್ರ ಇಡೋದು ತಾತ, ಅದು ರೂಲ್ಸು’ ಎಂದಳು.

ರೂಲ್ಸು ಬುಧಗ್ರಹದಲ್ಲಿ ಮಾತ್ರವಲ್ಲ, ಮದ್ದೂರು ತಾಲೂಕಿನಲ್ಲೂ ಅದೇ ಎಂಬುದು ನಮಗೆ ಆಮೇಲೆ ಹೊಳೆಯಿತು. ನಮ್ಮ ಕಡೆ ಒಂದು ತಿರುವಿಗೆ ಕೆಂಪಯ್ಯನ ತಿರುವು ಎಂದು ಹೆಸರಿದ್ದರೆ ಕೆಂಪಯ್ಯ ಅಲ್ಲಿ ಲಾರಿಗೆ ಸಿಕ್ಕ ಎಂದೇ ಅರ್ಥ. ನಂಜಮ್ಮನ ಮೋರಿ ಎಂದರೆ ನಂಜಮ್ಮ ಆ ಮೋರಿಯಿಂದಾಚೆಗೆ ಬರಲಿಲ್ಲ ಎಂದು ಅರ್ಥ. ಬದುಕಿರುವವನ ಹೆಸರನ್ನು ರಸ್ತೆಗಿರಲಿ, ಕರುವಿಗೂ ಇಡುವುದಿಲ್ಲ. ಬಸ್ಸಿನಲ್ಲಿ ದಿನಾ ತಪ್ಪಲೆ ಗುಂಡಿ, ತಪ್ಪಲೆ ಗುಂಡಿ ಎಂದು ಕೇಳಿದ ಪರವೂರಿನ ಜನ ಏನೆಂದುಕೊಳ್ಳಬೇಕೋ ಅದನ್ನೇ ಅಂದುಕೊಂಡರು. ತಪ್ಪಲೆ ಸಿದ್ದಣ್ಣ ಹೋಗಿಬಿಟ್ಟ, ಪಾಪ, ಒಳ್ಳೆಯ ಗಂಟಲು. ಹೋದವನನ್ನು ಪದ ಹೇಳಲು ಕರೆಯುವವರು ಯಾರು?

ಕರೆಗಳು ನಿಂತವು. ಮೊದಮೊದಲು ಚಿಕ್ಕಪ್ಪ ‘ಈ ಕಾಲ್ದಲ್ಲಿ ಜನ ಸಾಯೋದೇ ಕಮ್ಮಿ ಆಗೋಯ್ತು’ ಎಂದು ಗೊಣಗುತ್ತಿದ್ದ. ಫೋನು ಕೆಟ್ಟಿರಬೇಕೆಂದು ನನ್ನಿಂದಲೇ ಪಕ್ಕದ ಕೋಣೆಯಿಂದ ಮಾಡಿಸಿ ನೋಡಿದ. ಅದು ಸರಿಯಾಗಿಯೇ ಬಡಿದುಕೊಂಡಿತು. ನಿಜ ಗೊತ್ತಾದದ್ದು ಬೆಸಗರಹಳ್ಳಿಯಲ್ಲಿ. ಅಲ್ಲೊಂದು ಮನೆಯಲ್ಲಿ ಅಜ್ಜನಿಗೂ ಇವನೇ ಪದ ಹೇಳಿದ್ದ, ಅಪ್ಪನಿಗೂ ಇವನೇ ಹೇಳಿದ್ದ. ಈಗ ಆ ಮನೆಯ ದೊಡ್ಡಪ್ಪ ತೀರಿಕೊಂಡು ತಿಥಿಯವರೆಗೂ ಬಂದರೂ ಇವನಿಗೆ ಹೇಳಿಕಳಿಸಿರಲಿಲ್ಲ. ಸಾವಿನ ಮನೆಗೆ ಕರೆಯದಿದ್ದರೂ ಹೋಗಬಹುದು ಎಂದು ಚಿಕ್ಕಪ್ಪ ತಿಥಿಯ ದಿನ ಮೊಪೆಡ್ಡು ಹತ್ತಿ ಹೋದ. ಶಾಮಿಯಾನದ ಬಾಗಿಲಲ್ಲಿ ಇವನನ್ನು ಕಂಡ ಮನೆಯ ಮುದುಕಿ ಕೈಯಲ್ಲಿದ್ದ ನೀರಿನ ಚೊಂಬು ಬಿಟ್ಟು ಕೈಮುಗಿದು ನಿಂತಳಂತೆ. ಆಮೇಲೆ ಮನೆಯ ಯಜಮಾನ ಬಹಳ ಮೆಲ್ಲಗೆ, ‘ಬಂದ್ಯಾ ಸಿದ್ದಣ್ಣ, ಕುಂತ್ಕೊ. ದೊಡ್ಡಪ್ಪನ್ ಜೊತೇಲೇ ಬಂದ್ಯಾ?’ ಎಂದು ಕೇಳಿದನಂತೆ. ಊಟ ಬಡಿಸಿದ್ದೇನೋ ನಿಜ. ಆದರೆ ಎಲ್ಲರ ಜೊತೆ ಪಂಕ್ತಿಯಲ್ಲಲ್ಲ, ಒಳಗೆ ಸತ್ತವರಿಗೆಂದು ಇಟ್ಟ ಎಡೆಯ ಪಕ್ಕದಲ್ಲಿ, ಇನ್ನೊಂದು ಎಲೆ ಹಾಕಿ. ಬಡಿಸಿದ ಮೇಲೆ ಬಾಗಿಲು ಮುಂದಕ್ಕೆಳೆದು ಎಲ್ಲರೂ ಹೊರಗೆ ನಿಂತರಂತೆ.

ಚಿಕ್ಕಪ್ಪ ಉಂಡು ಬಂದ. ಬಂದವನು ಜಗಲಿಯ ಮೇಲೆ ಕುಳಿತ. ಸುಶೀಲ ನೀರು ಕೊಟ್ಟು ‘ಏನಾಯ್ತು ಮಾವ?’ ಎಂದು ಕೇಳಿದ ಮೇಲೆ ಎಲ್ಲ ಹೇಳಿದ. ನನಗೆ ನಗು ಬಂತು, ಅವನ ಮುಖ ನೋಡಿ ನುಂಗಿಕೊಂಡೆ. ‘ನಗ್ಬ್ಯಾಡ ಕಣ್ಲಾ ಪುಟ್ಟಸ್ವಾಮಿ’ ಎಂದ. ‘ಊರೋರ್ಗೆಲ್ಲ ಪದ ಯೋಳಿ ಕಳ್ಸ್‌ಕೊಟ್ಟಿವ್ನಿ. ನಾನ್ ಓಗ್ಬುಟ್ಟೆ ಅಂತ ಅನ್ಕೊಂಡವ್ರಲ್ಲ, ಒಬ್ರಾದ್ರೂ ನಂಗ್ ಪದ ಯೋಳ್ಸುದ್ರಾ? ಒಬ್ನೂ ಬರ್ನಿಲ್ಲ. ಚೊಂಬು ಬುಟ್ಬುಟ್ರೆ ಆಗೋಯ್ತಾ?’ ಸತ್ತನೆಂದು ತಿಳಿದದ್ದಕ್ಕಿಂತ, ಸತ್ತನೆಂದು ತಿಳಿದೂ ಯಾರೂ ಹಾಡಿಸಲಿಲ್ಲವಲ್ಲ ಎಂಬುದೇ ಅವನಿಗೆ ಚುಚ್ಚಿತ್ತು. ನನಗೆ ನಿಜವಾಗಿಯೂ ಸಂಕಟವಾಯಿತು. ಅವನಿಗೆ ಹೊಲದ ಚಿಂತೆ ಇಲ್ಲ, ಉಣ್ಣುವ ಚಿಂತೆ ಇಲ್ಲ. ಯಾರಾದರೂ ಕರೆಯಬೇಕು, ಹೋಗಬೇಕು, ಕಣ್ಣು ಮುಚ್ಚಿ ಹಾಡಬೇಕು. ಅಷ್ಟೇ ಅವನ ಬದುಕು. ಅದನ್ನೇ ಗುಂಡಿ ನುಂಗಿ ಕುಳಿತಿತ್ತು.

ಇದಕ್ಕೊಂದು ಪರಿಹಾರ ನಾನೇ ಮಾಡುತ್ತೇನೆಂದು ಎದ್ದೆ. ನಾಲ್ಕಕ್ಷರ ಕಲಿತವನು ಮನೆಯಲ್ಲಿ ಇರುವುದು ಮತ್ತೆ ಯಾತಕ್ಕೆ? ಗುಂಡಿಯ ಪಕ್ಕದಲ್ಲಿ ಚಿಕ್ಕಪ್ಪನ ಫೋಟೋ ಹಾಕಿ, ಅವನು ಬದುಕಿದ್ದಾನೆಂದು ಒಂದು ಫ್ಲೆಕ್ಸ್ ಕಟ್ಟಿಸುವುದು ಎಂದು ತೀರ್ಮಾನಿಸಿದೆ. ನಮ್ಮ ಜಿಲ್ಲೆಯಲ್ಲಿ ಫ್ಲೆಕ್ಸಿನಲ್ಲಿ ಬಂದ ಮಾತಿಗೆ ಇರುವ ತೂಕ ಬೇರೆ ಯಾವುದಕ್ಕೂ ಇಲ್ಲ. ಮದ್ದೂರಿನಲ್ಲಿ ಫ್ಲೆಕ್ಸ್ ಅಂಗಡಿ ಇಟ್ಟಿರುವ ಮಂಜನ ಹತ್ತಿರ ಹೋಗಿ, ಕೂತು, ಯೋಚನೆ ಮಾಡಿ, ಒಳ್ಳೆಯ ಗಂಭೀರ ಕನ್ನಡದಲ್ಲಿ ಬರೆದುಕೊಟ್ಟೆ: ‘ನಮ್ಮೆಲ್ಲರ ಪ್ರೀತಿಯ ತಪ್ಪಲೆ ಸಿದ್ದಣ್ಣನವರು ಎಲ್ಲಿಗೂ ಹೋಗಿಲ್ಲ. ಅವರು ಸದಾ ನಮ್ಮೊಂದಿಗೇ ಇದ್ದಾರೆ.’ ಬರೆದದ್ದನ್ನು ಓದಿ ನನಗೇ ಗಂಟಲು ಕಟ್ಟಿತು. ಮಂಜನಿಗೂ ಕಟ್ಟಿತು. ಅವನ ಗಂಟಲು ಬೇರೆ ಕಾರಣಕ್ಕೆ ಕಟ್ಟಿತ್ತು ಎಂಬುದು ಆಗ ನನಗೆ ತಿಳಿಯಲಿಲ್ಲ.

ಮಂಜನ ಕೈ ಪಳಗಿದ ಕೈ. ಹುಡುಗರ ಫೋಟೋ ಬಂದರೆ ಅದು ತಾನಾಗಿ ಕೇಕು, ಪಟಾಕಿ, ಹುಲಿ ಹಾಕುತ್ತದೆ. ನರೆತ ತಲೆಯ ಫೋಟೋ ಬಂದರೆ ಎಡಬಲಕ್ಕೆ ಒಂದೊಂದು ದೀಪ, ಸುತ್ತ ಹೂವಿನ ಹಾರ, ಮೇಲೆ ಹಾರುತ್ತಿರುವ ಬಿಳಿ ಪಾರಿವಾಳ. ನಾನು ಕೊಟ್ಟಿದ್ದ ಫೋಟೋವಾದರೂ ಎಂಥದ್ದು? ಚಿಕ್ಕಪ್ಪ ಹಾಡುವಾಗ ತೆಗೆದದ್ದು, ಕಣ್ಣು ಮುಚ್ಚಿಕೊಂಡಿದ್ದ. ಎಂಟಡಿ ಫ್ಲೆಕ್ಸ್ ಬಿಚ್ಚಿ ಗುಂಡಿಯ ಪಕ್ಕ ಕಟ್ಟಿಸಿದಾಗ ನಾನು ಕಚೇರಿಯಲ್ಲಿದ್ದೆ. ಸಂಜೆ ಬಸ್ಸಿನಲ್ಲಿ ಬರುವಾಗ ಕಂಡಕ್ಟರ್ ಎಂದಿನ ಹಾಗೆ ಕೂಗಲಿಲ್ಲ. ಬಹಳ ತಗ್ಗಿದ ದನಿಯಲ್ಲಿ ‘ತಪ್ಲೆ’ ಎಂದ. ಬಸ್ಸಿನ ಅರ್ಧ ಜನ ಕಿಟಕಿಯ ಕಡೆ ತಿರುಗಿ ಕೈಮುಗಿದರು. ಡ್ರೈವರ್ ಹಾರನ್ ಹೊಡೆಯದೆ, ಸಾವಕಾಶ ಗುಂಡಿಯನ್ನು ಬಳಸಿಕೊಂಡು ಹೋದ. ನನ್ನ ಪಕ್ಕದಲ್ಲಿ ಕುಳಿತಿದ್ದವರು ‘ಯಾರೋ ಮಗ ಕಟ್ಸವ್ನೆ, ಬರವ್ಣಿಗೆ ನೋಡಿದ್ರೆ ಕರ್ಳು ಕಿತ್ತ್ ಬತ್ತದೆ’ ಎಂದರು. ನಾನು ನನ್ನ ಸ್ಟಾಪಿನಲ್ಲಿ ಇಳಿಯದೆ ಮುಂದಿನದರಲ್ಲಿ ಇಳಿದೆ.

ಅಲ್ಲಿಂದ ಮುಂದಕ್ಕೆ ಪರಿಸ್ಥಿತಿ ಕೈಮೀರಿತು. ಫ್ಲೆಕ್ಸಿಗೆ ಯಾರೋ ನಿಜವಾದ ಹಾರ ಹಾಕಿದರು. ಗುಂಡಿಯ ಅಂಚಿನಲ್ಲಿ ನಿಂಬೆಹಣ್ಣು, ಊದುಕಡ್ಡಿ. ಹೊಸ ಗಾಡಿ ತೆಗೆದುಕೊಂಡವರು ಅಲ್ಲಿ ನಿಲ್ಲಿಸಿ ಕಾಯಿ ಒಡೆದು ಹೋಗುತ್ತಿದ್ದರು. ಇಷ್ಟು ದಿನ ಬೇಡಿಕೊಂಡರೂ ಬಾರದಿದ್ದ ರಸ್ತೆ ಕೆಲಸದವರು ಆ ವಾರವೇ ಜಲ್ಲಿ ತುಂಬಿದ ಟ್ರ್ಯಾಕ್ಟರ್ ತಂದರು. ಫ್ಲೆಕ್ಸ್ ನೋಡಿ ಚಪ್ಪಲಿ ಬಿಟ್ಟು ನಿಂತರು. ‘ಯಾರ್ದೋ ಜಾಗ ಕಣಪ್ಪ, ಮುಚ್ಚಿ ಪಾಪ ಕಟ್ಕಳದ್ ಬ್ಯಾಡ’ ಎಂದು ಮಾತಾಡಿಕೊಂಡು ಜಲ್ಲಿಯ ಸಮೇತ ವಾಪಸು ಹೋದರು. ಇದನ್ನೆಲ್ಲ ಗದ್ದೆಯ ಬದುವಿನಲ್ಲಿ ಕುಳಿತು ನೋಡಿದವನು ಸ್ವತಃ ಚಿಕ್ಕಪ್ಪ. ಮನೆಗೆ ಬಂದು, ‘ಇಷ್ಟು ಜನ ಯೋಳ್ತಾವ್ರೆ ಅಂದ್ಮೇಲೆ ನಂಗೂ ಒಂದೊಂದ್ ಸಲ ಡೌಟು ಬತ್ತದೆ’ ಎಂದ. ಸುಶೀಲ ಅವನ ಮುಂದೆ ಮುದ್ದೆ ಇಟ್ಟು, ‘ಉಣ್ಣು ಮಾವ, ಸತ್ತೋರು ಎರಡ್ನೇ ಮುದ್ದೆ ಕೇಳಲ್ಲ’ ಎಂದಳು. ಅವತ್ತು ಅವನು ಎರಡನೆಯದು ಕೇಳಲಿಲ್ಲ. ನಮಗೆಲ್ಲ ಹೆದರಿಕೆಯಾಯಿತು.

ಮರುದಿನ ಸಂತೆ. ಬಸ್ಸುಗಳು ತುಂಬಿ ಹೋಗುವ ದಿನ. ಬೆಳಗ್ಗೆ ಎದ್ದು ನೋಡಿದರೆ ಚಿಕ್ಕಪ್ಪನೂ ಇಲ್ಲ, ಹಾರ್ಮೋನಿಯಮ್ಮೂ ಇಲ್ಲ. ನಾನು ಕಚೇರಿಗೆ ಹೊರಟವನು ಹಾಗೆಯೇ ಗುಂಡಿಯ ಕಡೆ ಓಡಿದೆ. ಗುಂಡಿಯ ಅಂಚಿನಲ್ಲಿ, ತನ್ನದೇ ಫ್ಲೆಕ್ಸಿನ ಕೆಳಗೆ, ಗೋಣಿತಾಟು ಹಾಸಿ ಕುಳಿತಿದ್ದ. ಬಿಳಿ ಪಂಚೆ, ಹಣೆಗೆ ವಿಭೂತಿ. ಕಣ್ಣು ಮುಚ್ಚಿ ಬೆಲ್ಲೋಸು ಎಳೆದ. ಬಿದ್ದಾಗಿನ ಆ ಸ್ವರ ಒತ್ತದೆಯೇ ನರಳಿತು. ಅದರ ಮೇಲೆ ದನಿ ಇಟ್ಟ:

‘ಎಲ್ಲಾರ್ ಬಾಗ್ಲಲ್ಲೂ ಕುಂತು ಪದ ಯೋಳಿದ ಸಿದ್ದ,
ತನ್ ಬಾಗ್ಲಿಗೆ ಬಂದಾಗ ಗಂಟ್ಲ ಎಲ್ಲಿ ಮಡಗ್ದನೋ.’

ಬೇರೆಯವರ ಬಗ್ಗೆ ವಿಚಾರಿಸುವ ಹಾಗೆ ತ‌ನ್ನ ಬಗ್ಗೆಯೂ ವಿಚಾರಿಸಿಕೊಂಡಿದ್ದನೆಂದು ಕಾಣುತ್ತದೆ. ಮುತ್ತಾತನ ಸಾರು ಬಂತು, ಹೋದ ಪಂಚೆ ಬಂತು, ಯಾರೂ ಕರೆಯದ ಫೋನು ಬಂತು, ಬೆಸಗರಹಳ್ಳಿಯಲ್ಲಿ ಒಬ್ಬನೇ ಕೂತು ಉಂಡ ಎಲೆ ಬಂತು. ಮದ್ದೂರಿನ ಕಡೆಯ ಬಸ್ಸು ನಿಂತಿತು. ಎದುರಿನಿಂದ ಬಂದ ಮಳವಳ್ಳಿ ಕಡೆಯದೂ ನಿಂತಿತು. ಯಾರೂ ಹಾರನ್ ಹೊಡೆಯಲಿಲ್ಲ. ಸಂತೆಗೆ ಹೊರಟ ಹೆಂಗಸರು ಇಳಿದು ಬಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನಾನೂ ಟಿಫನ್ ಬಾಕ್ಸ್ ಹಿಡಿದುಕೊಂಡು ಅತ್ತೆ. ಚಿಕ್ಕಪ್ಪನ ಪದವನ್ನು ಬಿಸಿಲಿನಲ್ಲಿ ನಿಂತು ಕೇಳಿದ್ದು ನನಗೆ ಅದೇ ಮೊದಲು.

ಪದ ಮುಗಿದಾಗ, ಸೊಪ್ಪಿನ ಮಂಕರಿ ಹೊತ್ತಿದ್ದ ಮಳವಳ್ಳಿ ಕಡೆಯ ಮುದುಕಿಯೊಬ್ಬಳು, ಚಿಕ್ಕತಾಯಮ್ಮ ಎಂದು ಆಮೇಲೆ ಗೊತ್ತಾಯಿತು, ಮುಂದೆ ಬಂದು ಕೇಳಿದಳು.

‘ಯಾರ್ದಪ್ಪ ತಿಥಿ?’

‘ನಂದೇ ಕಣವ್ವ.’

‘ನೀನ್ ಇಲ್ಲೇ ಕುಂತಿದ್ದೀಯಲ್ಲ.’

‘ಅದ್ನೇ ಯೋಳನ ಅಂತ ಕುಂತಿವ್ನಿ.’

ಚಿಕ್ಕತಾಯಮ್ಮ ಫ್ಲೆಕ್ಸ್ ನೋಡಿದಳು, ಚಿಕ್ಕಪ್ಪನನ್ನು ನೋಡಿದಳು, ಮಂಕರಿ ಇಳಿಸಿದಳು. ‘ಇದು ಒಳ್ಳೇದೇ ಆಯ್ತು ಬುಡು’ ಎಂದಳು. ‘ಸತ್ಮೇಲ್ ಪದ ಯೋಳ್ಸುದ್ರೆ ಸತ್ತೋರ್ಗೆ ಏನ್ ಕೇಳ್ಸದೆ? ನಂಗೂ ಬಂದು ಈಗ್ಲೇ ಯೋಳ್ಬುಡು. ನಮ್ ಸೊಸೆ ನನ್ ಬಗ್ಗೆ ಏನೇನ್ ಯೋಳ್ತಾಳೋ, ಕೇಳ್ಬುಟ್ಟೇ ಓಯ್ತೀನಿ.’

ಚಿಕ್ಕಪ್ಪ ಆ ವಾರವೇ ಹೋದ. ಜೊತೆಗೆ ನಾನೂ ಹೋಗಿದ್ದೆ, ಇಂಥದ್ದನ್ನು ತಪ್ಪಿಸಿಕೊಳ್ಳುವುದುಂಟೇ? ಚಿಕ್ಕತಾಯಮ್ಮ ಹೊಸ ಸೀರೆ ಉಟ್ಟು ಚಾಪೆಯ ಮೇಲೆ ಕಾಲು ಚಾಚಿ ಕುಳಿತಿದ್ದಳು. ಪದದಲ್ಲಿ ಎಮ್ಮೆಯ ವಿಷಯ ಬಂದಾಗ ಕೈಯೆತ್ತಿ ನಿಲ್ಲಿಸಿ, ‘ಎಮ್ಮೆ ಇಚಾರ ಸಾಕು, ನನ್ ಕೈರುಚಿ ಸೇರ್ಸು’ ಎಂದಳು. ಸೊಸೆ ಒಳಗಿನಿಂದಲೇ ‘ಉಪ್ಪು ಜಾಸ್ತಿ ಆಯ್ತಿತ್ತು ಅಂತ್ಲೂ ಸೇರ್ಸಿ’ ಎಂದಳು. ಅತ್ತೆ ಸೊಸೆ ಇಬ್ಬರಿಗೂ ಒಪ್ಪಿಗೆಯಾಗುವ ಸಾಲು ಸಿಗುವ ಹೊತ್ತಿಗೆ ಮಧ್ಯಾಹ್ನವಾಯಿತು. ಆಮೇಲೆ ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು. ನಮಗೆ ಬಾಡೂಟ ಹಾಕಿದರು, ಪಂಕ್ತಿಯಲ್ಲಿ, ಎಲ್ಲರ ಜೊತೆ. ಚಿಕ್ಕಪ್ಪ ಎರಡನೇ ಮುದ್ದೆ ಕೇಳಿ ಹಾಕಿಸಿಕೊಂಡ. ಅಲ್ಲಿಂದ ಅವನ ಫೋನು ಸುಮ್ಮನಿದ್ದದ್ದೇ ಇಲ್ಲ. ಬದುಕಿರುವಾಗಲೇ ತಮ್ಮ ಸಾವಿನ ಪದ ಕೇಳಬೇಕೆನ್ನುವವರು ನಮ್ಮ ಕಡೆ ಇಷ್ಟೊಂದು ಜನ ಇದ್ದಾರೆಂದು ಯಾರಿಗೆ ಗೊತ್ತಿತ್ತು? ಕೊತ್ತತ್ತಿಯ ಒಬ್ಬರು ತಮ್ಮನ ಜೊತೆಗಿನ ಜಗಳವನ್ನು ಪದದಲ್ಲಿ ಕೇಳಿ, ಇಷ್ಟು ಕೆಟ್ಟದಾಗಿ ಕೇಳುತ್ತದಾ ಎಂದು ಹೋಗಿ ಮಾತಾಡಿಸಿ ಬಂದರಂತೆ. ಬೆಸಗರಹಳ್ಳಿಯ ಮನೆಯವರು ಬಂದು ತಪ್ಪು ಕಾಣಿಕೆ ಎಂದು ಕೋಳಿ ಕೊಟ್ಟು ಹೋದರು.

ಇನ್ನು ಉಳಿದದ್ದು ಆ ಫ್ಲೆಕ್ಸ್. ಅದು ಇರುವವರೆಗೆ ರಸ್ತೆಯವರು ಗುಂಡಿ ಮುಟ್ಟುವುದಿಲ್ಲ. ಕಟ್ಟಿಸಿದವನೇ ಬಿಚ್ಚಬೇಕೆಂದು ಸುಶೀಲ ದಿನಾ ಬೆಳಗ್ಗೆ ತಿಂಡಿಯ ಜೊತೆಗೆ ಬಡಿಸುತ್ತಿದ್ದಳು. ಒಂದು ಭಾನುವಾರ ಹೋಗಿ ಹಗ್ಗ ಬಿಚ್ಚಿದೆ. ಫ್ಲೆಕ್ಸ್ ಕೈಗೆ ಬಂತು. ಮಡಚುವ ಮುಂಚೆ ನನ್ನ ಆ ಸಾಲನ್ನು ಕೊನೆಯ ಸಲ ದೂರದಿಂದ ಓದೋಣ ಎನ್ನಿಸಿತು. ನಾನು ಬರೆದದ್ದು ಎಂಟಡಿ ಅಗಲದಲ್ಲಿ ಇನ್ನೆಲ್ಲಿ ಸಿಗಬೇಕು? ಫ್ಲೆಕ್ಸನ್ನು ಎರಡು ಕೈಯಲ್ಲೂ ಎತ್ತಿ ಹಿಡಿದು, ಒಂದು ಹೆಜ್ಜೆ ಹಿಂದೆ ಹೋದೆ. ಪೂರ್ತಿ ಕಾಣಲಿಲ್ಲ. ಇನ್ನೊಂದು ಹೆಜ್ಜೆ ಹೋದೆ. ಬೀಳುವಾಗ ಕೈ ಬಿಟ್ಟಿದ್ದರೆ ಏನನ್ನಾದರೂ ಹಿಡಿದುಕೊಳ್ಳಬಹುದಿತ್ತು. ನಾನು ಬಿಡಲಿಲ್ಲ. ನಮ್ಮ ಮನೆತನದಲ್ಲಿ ಹಿಡಿದದ್ದನ್ನು ಬಿಡುವ ಪದ್ಧತಿ ಇಲ್ಲ.

ಕಾಲು ಮುರಿದು ಮಲಗಿರುವ ಈ ದಿನಗಳಲ್ಲಿ ಗುಂಡಿಯನ್ನು ಮುಚ್ಚಿದ್ದಾರೆ. ಬಸ್ಸಿನವರು ಆ ಜಾಗವನ್ನು ಇನ್ನೂ ತಪ್ಪಲೆ ಎಂದೇ ಕರೆಯುತ್ತಾರೆ. ಮೊನ್ನೆ ನನ್ನ ಯೋಗಕ್ಷೇಮ ನೋಡಲು ಬೆಳಗಾವಿಯ ಸಾಹೇಬರೇ ಬಸ್ಸಿಳಿದು ಬಂದಿದ್ದರು. ಪುಟ್ಟಸ್ವಾಮಿಯವರ ಮನೆ ಎಲ್ಲಿ ಎಂದು ಕೇಳಿದ್ದಕ್ಕೆ ಕಂಡಕ್ಟರ್ ‘ಯಾವ್ ಪುಟ್ಟಸ್ವಾಮಿ, ಗುಂಡಿ ತಪ್ಲೆನಾ?’ ಎಂದನಂತೆ. ಸಾಹೇಬರು ಮಂಚದ ಪಕ್ಕ ಕುಳಿತು, ಸೇಬಿನ ಚೀಲ ಇಟ್ಟು, ನನ್ನ ಕಡೆ ತಿರುಗಿದರು. ‘ಅಡ್ಡಹೆಸರು ಇಲ್ಲ ಅಂದಿದ್ರೆಲ್ರೀ’ ಎಂದರು. ಸುಶೀಲ ಕಾಫಿ ಕೊಡುವ ನೆಪದಲ್ಲಿ ಮುತ್ತಾತನ ಕತೆಯನ್ನೂ ಹೇಳಿ ಮುಗಿಸಿದಳು.

ಸಾಹೇಬರು ಹೋದ ಮೇಲೆ ಚಿಕ್ಕಪ್ಪ ಹಾರ್ಮೋನಿಯಂ ತಂದು ನನ್ನ ತಲೆದೆಸೆಯಲ್ಲಿ ಕುಳಿತ. ಮಲಗಿ ಮಲಗಿ ಬೇಜಾರಾಗಿರಬೇಕು, ಒಂದು ಪದ ಹೇಳುತ್ತೇನೆ ಎಂದ. ಅವನಿಗೆ ಬರುವುದು ಒಂದೇ ಬಗೆಯ ಪದ ಎಂದು ಗೊತ್ತಿದ್ದೂ ನಾನು ಹೂಂ ಎಂದೆ. ಸುಶೀಲಳನ್ನು ಕರೆದು ನನಗೇನು ಇಷ್ಟ, ಯಾರ ಜೊತೆ ಜಗಳ ಎಂದೆಲ್ಲ ವಿಚಾರಿಸಿದ. ಅವಳು ಸಾಕಷ್ಟು ಹೊತ್ತು ತೆಗೆದುಕೊಂಡು ಉತ್ತರ ಕೊಟ್ಟಳು. ಆಮೇಲೆ ಕಣ್ಣು ಮುಚ್ಚಿ ಶುರುಮಾಡಿದ. ನನ್ನ ಕನ್ನಡ ಬಂತು, ಫ್ಲೆಕ್ಸ್ ಬಂತು, ಮುಚ್ಚಿಟ್ಟ ಮನೆಹೆಸರು ಬಂತು. ನಿಜ ಹೇಳಬೇಕೆಂದರೆ ಬಹಳ ಚೆನ್ನಾಗಿತ್ತು. ನನ್ನಂಥವನು ಹೋದನಲ್ಲ ಎಂದು ನನಗೇ ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲಿ ಬೀದಿಯಲ್ಲಿ ಹೋಗುತ್ತಿದ್ದವರು ಯಾರೋ ದನಿ ಕೇಳಿ ಬಾಗಿಲಲ್ಲಿ ಚಪ್ಪಲಿ ಬಿಟ್ಟರು. ಒಬ್ಬರು ಒಳಗೆ ಇಣುಕಿ, ಸುಶೀಲಳ ಹತ್ತಿರ ಮೆಲ್ಲಗೆ ‘ಯಾವಾಗ್ ಓಗ್ಬುಟ್ರು ಕಣಮ್ಮ?’ ಎಂದು ಕೇಳಿದರು. ನಾನು ಇದ್ದೇನೆ ಎಂದು ತೋರಿಸಲು ಮಲಗಿದ್ದಲ್ಲಿಂದಲೇ ಕೈ ಎತ್ತಿ ಆಡಿಸಿದೆ. ಚಿಕ್ಕಪ್ಪ ಕಣ್ಣು ಬಿಡದೆಯೇ ಗದರಿಸಿದ.

‘ಅಲ್ಲಾಡ್ಬ್ಯಾಡ ಕಣ್ಲಾ, ತಾಳ ತಪ್ತದೆ.’